ನಿಮ್ಮ ‘ಸೊಳ್ಳೆಗಳ ಮಹಾಯುದ್ಧ’ದ ಬಗ್ಗೆ

ನಮಸ್ಕಾರ. ಲೇಖನ ಓದಿದೆ. ಹೊರಗಿಂದ ಬಂದ ಸೊಳ್ಳೆ, ಅಲ್ಲಿನ ಸೊಳ್ಳೆಯ ಜೊತೆ ಅದರ ಪೈಪೋಟಿ, ನಡುವೆ ಒಂದು ಪರಾವಲಂಬಿ: ವಿಷಯ ಸೊಗಸಾಗಿದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಡೆಂಗಿ, ಸೊಳ್ಳೆ ಬತ್ತಿ, ಸೊಳ್ಳೆ ಪರದೆ. ಇದೆಲ್ಲ ಯಾರಿಗೆ ಗೊತ್ತಿಲ್ಲ? ತೆಗೆದುಬಿಡಿ. ಏಷ್ಯಾದ ಹುಲಿ ಸೊಳ್ಳೆ (ಈಡಿಸ್ ಆಲ್ಬೊಪಿಕ್ಟಸ್) ಹಳೇ ಟೈರುಗಳ ಜೊತೆ ಅಮೆರಿಕ ಸೇರಿ, 1985ರಲ್ಲಿ ಟೆಕ್ಸಾಸ್‌ನಲ್ಲಿ ನೆಲೆಯೂರಿದ್ದು ಕಂಡುಬಂತಲ್ಲ, ಅಲ್ಲಿಂದ ಶುರು ಮಾಡಿ. ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

‘ರಕ್ತಕ್ಕಾಗಿ ಕಾದಾಟ’ ಎಂದು ಬರೆದಿದ್ದೀರಿ. ತಪ್ಪು. ಇಲ್ಲಿ ಪೈಪೋಟಿ ನಡೆಯುವುದು ನೀರಿನಲ್ಲಿ, ಲಾರ್ವಾಗಳ (ಸೊಳ್ಳೆ ಮರಿಗಳ) ನಡುವೆ. ಟೈರಿನೊಳಗೋ ಮರದ ಪೊಟರೆಯಲ್ಲೋ ನಿಂತ ಒಂದಿಷ್ಟು ನೀರು, ಕೊಳೆತ ಎಲೆ, ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳು. ಊಟ ಅಂತ ಇರುವುದು ಇಷ್ಟೇ. ಅದಕ್ಕೆ ಹುಲಿ ಸೊಳ್ಳೆಯ ಲಾರ್ವಾಗಳೂ ಅಮೆರಿಕದ್ದೇ ಆದ ಈಡಿಸ್ ಟ್ರೈಸೀರಿಯೇಟಸ್ ಎಂಬ ಸೊಳ್ಳೆಯ ಲಾರ್ವಾಗಳೂ ಮುಗಿಬೀಳುತ್ತವೆ. ಹೆಚ್ಚಾಗಿ ಹುಲಿ ಸೊಳ್ಳೆಯದೇ ಮೇಲುಗೈ.

ಈಗ ನಿಮ್ಮ ಕಥಾನಾಯಕ, ಆ ಪರಾವಲಂಬಿ. ‘ಸೊಳ್ಳೆಯನ್ನು ಕೊಲ್ಲುತ್ತದೆ’ ಎಂದು ಹೇಳಿ ಕೈತೊಳೆದುಕೊಂಡಿದ್ದೀರಿ. ಹಾಗಲ್ಲ. ಆಸ್ಕೊಗ್ರೆಗರೈನಾ ತೈವಾನೆನ್ಸಿಸ್ ಒಂದೇ ಕೋಶದ ಜೀವಿ. ಲಾರ್ವಾ ತಿನ್ನುವಾಗ ಅದರ ಬೀಜಕಗಳೂ ಹೊಟ್ಟೆಗೆ ಹೋಗುತ್ತವೆ. ಒಳಗೆ ಅವು ಒಡೆದು, ಪರಾವಲಂಬಿ ಕರುಳಿನ ಕೋಶಗಳಿಗೆ ನುಗ್ಗಿ ಬೆಳೆಯುತ್ತದೆ. ಊಟ ಸಾಕಷ್ಟಿದ್ದರೆ ಲಾರ್ವಾಗೆ ಅಂಥ ತೊಂದರೆಯೇನಿಲ್ಲ. ಊಟ ಕಮ್ಮಿಯಾದಾಗ ಸಾಯುವುದು ಜಾಸ್ತಿ. ಪೈಪೋಟಿ ಅಂದರೇ ಊಟದ ಕೊರತೆ, ಅಲ್ವಾ? ಇಡೀ ಲೇಖನ ನಿಂತಿರುವುದೇ ಈ ಜಾಗದಲ್ಲಿ. ನೀವು ಮಾತ್ರ ಇಲ್ಲಿ ನಿಲ್ಲಲೇ ಇಲ್ಲ.

ಸಂಶೋಧಕರಾದ ಅಲಿಯಾಬಾದಿ ಮತ್ತು ಸ್ಟೀವನ್ ಜೂಲಿಯಾನೊ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೆಸರಿಸಿದ್ದೀರಿ, ಅದರಲ್ಲೇನಿದೆ ಎಂದು ಹೇಳಿಲ್ಲ. ಹುಲಿ ಸೊಳ್ಳೆ ಹೊಸದಾಗಿ ಕಾಲಿಟ್ಟ ಜಾಗಗಳಲ್ಲಿ ಈ ಪರಾವಲಂಬಿ ಕಡಿಮೆ, ಆಮೇಲೆ ಬಂದು ಸೇರಿಕೊಳ್ಳುತ್ತದೆ. ಪರಾವಲಂಬಿ ಇಲ್ಲದ ಹುಲಿ ಸೊಳ್ಳೆ ಟ್ರೈಸೀರಿಯೇಟಸ್‌ಗೆ ಹೆಚ್ಚು ಬಲವಾದ ಪೈಪೋಟಿ ಕೊಡುತ್ತದೆ. ಅಂದರೆ ಬಂದ ಹೊಸದರಲ್ಲಿ ಅದಕ್ಕೆ ಬಿಟ್ಟಿಯಾಗಿ ಒಂದಿಷ್ಟು ಕಾಲಾವಕಾಶ ಸಿಗುತ್ತದೆ. ಓದುಗ ‘ಹೌದಾ!’ ಅನ್ನುವುದು ಇಲ್ಲಿ.

‘ರಣಕಹಳೆ’, ‘ಚಕ್ರವ್ಯೂಹ’ ಎಲ್ಲ ಬೇಡ. ಕೊನೆಯಲ್ಲಿ ‘ಇದೇ ನಾಳೆಯ ಸೊಳ್ಳೆ ಔಷಧಿ’ ಎಂದು ಸುಮ್ನೆ ಭರವಸೆ ಕೊಡಬೇಡಿ, ನೀವು ಬರೆದಿದ್ದರಲ್ಲಿ ಅದಕ್ಕೆ ಆಧಾರವಿಲ್ಲ. ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ರಕ್ತ ಹೀರುವ ಸೊಳ್ಳೆಯ ಫೋಟೋ ಬದಲು ಲಾರ್ವಾದ್ದು ಸಿಕ್ಕರೆ ಒಳ್ಳೆಯದು.