ಚಿತ್ರ ಬರೆಯೋಕೆ ಇನ್ನೊಂದು ಡಿಗ್ರಿ ಬೇಕಾ?

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಂದು ಪೇಂಟಿಂಗ್‌ನಾಗ ಬಿವಿಎ (ದೃಶ್ಯಕಲಾ ಡಿಗ್ರಿ) ಆಗೇದ, ಈಗ ಒಂದು ಪ್ರೈವೇಟ್ ಸಾಲ್ಯಾಗ ಡ್ರಾಯಿಂಗ್ ಟೀಚರ್ ಅದೀನಿ, ವಯಸ್ಸು 24. ಕೊನೇ ವರ್ಷ ಸ್ವಲ್ಪ ದಿನ ಎಚಿಂಗ್ (ಲೋಹದ ಪ್ಲೇಟ್ ಮ್ಯಾಲ ಆಸಿಡ್‌ಲೆ ಗೆರಿ ಕೊರದು ಪ್ರಿಂಟ್ ತಗಿಯೂದು) ಕಲ್ತಿದ್ದೆ, ಅದು ಮನಸ್ಸಿನಾಗ ಕುಂತಬಿಟ್ಟದ. ಬರೋಡಾ ಇಲ್ಲಾ ಶಾಂತಿನಿಕೇತನಕ್ಕ ಹೋಗಿ ಮಾಸ್ಟರ್ಸ್ ಮಾಡ್ಬೇಕಂತ ಆಸೆ. ನಮ್ಮ ಅಪ್ಪಾರು "ಚಿತ್ರ ಬರಿಯಾಕ ಡಿಗ್ರಿ ಮ್ಯಾಲ ಡಿಗ್ರಿ ಯಾಕ, ಇದ್ದ ನೌಕರಿ ಬಿಟ್ಟು ಅಷ್ಟು ದೂರ ಹೋಗೂದು ಬ್ಯಾಡ" ಅಂತಾರ. ಏನ್ ಮಾಡ್ಲಿ?
- ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಅಪ್ಪಾಜಿ ಹೇಳೋದು ತಪ್ಪಲ್ಲಮ್ಮ. ಚಿತ್ರ ಬರೆಯೋಕೆ ಡಿಗ್ರಿ ಬೇಡವೇ ಬೇಡ, ನೀವು ಪೇಂಟಿಂಗ್ ಅಂದಿದ್ರೆ ನಾನೂ ಮನೇಲೇ ಕೂತು ಎರಡು ವರ್ಷ ಕೆಲಸ ಮಾಡಿ ನೋಡಿ ಅಂತಿದ್ದೆ. ಆದ್ರೆ ನೀವು ಕೇಳ್ತಿರೋದು ಎಚಿಂಗ್, ಅದಕ್ಕೇ ನನ್ನ ಉತ್ತರ ಹೋಗಿ ಅಂತ.

ಯಾಕೆ ಅಂದ್ರೆ ಆ ಕೆಲಸ ಬಾಡಿಗೆ ರೂಮಲ್ಲಿ ಆಗಲ್ಲ. ಜಿಂಕ್ ಪ್ಲೇಟ್‌ಗೆ ಗ್ರೌಂಡ್ (ಆಸಿಡ್ ತಡೆಯೋ ಲೇಪ) ಹಚ್ಚಬೇಕು, ಸೂಜೀಲಿ ಗೀರಬೇಕು, ನೈಟ್ರಿಕ್ ಆಸಿಡ್ ತೊಟ್ಟಿಗೆ ಇಳಿಸಿ ಗೆರೆ ಮೇಲೆ ಏಳೋ ಗುಳ್ಳೇನ ಹಕ್ಕಿ ಗರೀಲಿ ಸವರ್ತಾ ಕಾಯಬೇಕು, ಆ ಹೊಗೆ ಹೊರಗೆ ಹೋಗೋಕೆ ಸರಿಯಾದ ವ್ಯವಸ್ಥೆ ಇರಬೇಕು, ಆಮೇಲೆ ಇಂಕ್ ತುಂಬಿ ಒರೆಸಿ, ನೆನೆಸಿದ ಪೇಪರ್ ಇಟ್ಟು ಪ್ರೆಸ್ಸಲ್ಲಿ ಎಳೀಬೇಕು. ಆ ಪ್ರೆಸ್ ಅನ್ನೋದು ಭಾರವಾದ ದುಬಾರಿ ಮಷೀನು, ಡ್ರಾಯಿಂಗ್ ಟೀಚರ್ ಸಂಬಳದಲ್ಲಿ ಕೊಳ್ಳೋ ಮಾತಲ್ಲ. ಅಪ್ಪಾಜಿಗೆ ಹೀಗೇ ಬಿಡಿಸಿ ಹೇಳಿ. ಕಾಗದದ ಡಿಗ್ರಿಗಲ್ಲ, ಎರಡು ವರ್ಷ ದಿನಾ ಆ ಪ್ರೆಸ್ ಮುಂದೆ ನಿಲ್ಲೋಕೆ, ತಪ್ಪಿದ ಕಡೆ ಇಲ್ಲಿ ತಪ್ಪಿದೆ ಅನ್ನೋರು ಪಕ್ಕದಲ್ಲಿರೋಕೆ ಹೋಗ್ತಿದೀನಿ ಅಂತ.

ನೀವು ಹೇಳಿದ ಎರಡೂ ಜಾಗ ಪ್ರಿಂಟ್‌ಮೇಕಿಂಗ್‌ಗೆ ಹೆಸರುವಾಸಿ, ಅಂದ್ರೆ ಎಚಿಂಗ್ ಥರ ಅಚ್ಚು ಒತ್ತಿ ಚಿತ್ರ ತೆಗೆಯೋ ಕಲೆಗೆ. ಶಾಂತಿನಿಕೇತನದ ಕಲಾಭವನ 1919ರದ್ದು, ನಂದಲಾಲ್ ಬೋಸ್, ರಾಮ್‌ಕಿಂಕರ್ ಬೈಜ್ ಇವರೆಲ್ಲ ಇದ್ದ ಜಾಗ, ಗ್ರಾಫಿಕ್ (ಅಂದ್ರೆ ಪ್ರಿಂಟ್‌ಮೇಕಿಂಗ್) ವಿಭಾಗ ನಡೆಸಿದೋರು ಸೋಮನಾಥ್ ಹೋರ್. ಅವರ 'ವೂಂಡ್ಸ್' ಸರಣಿ ಎಲ್ಲಾದ್ರೂ ಸಿಕ್ಕಿದ್ರೆ ಹತ್ತಿರ ನಿಂತು ನೋಡಿ. ಬಿಳೀ ಪೇಪರ್ ಪಲ್ಪ್ ಮೇಲೆ ಬಿಳೀದೇ ಗಾಯ, ಇಂಕಿನ ಗೆರೆ ಎಳೆದು ತೋರಿಸಿದ್ದಲ್ಲ, ಕಾಗದಾನೇ ಕುಯ್ದಂಗೆ ಇರುತ್ತೆ. ಬರೋಡಾದ ಫೈನ್ ಆರ್ಟ್ಸ್ ಫ್ಯಾಕಲ್ಟಿ ಶುರುವಾಗಿದ್ದು 1950ರ ಹೊತ್ತಿಗೆ, ಬೇಂದ್ರೆ, ಕೆ.ಜಿ. ಸುಬ್ರಹ್ಮಣ್ಯನ್, ಜ್ಯೋತಿ ಭಟ್ ಪಾಠ ಮಾಡಿದ ಜಾಗ (ಈ ಬೇಂದ್ರೆ ಚಿತ್ರಕಾರ ಎನ್.ಎಸ್. ಬೇಂದ್ರೆ, ನಿಮ್ಮ ಧಾರವಾಡದ ಅಜ್ಜ ಅಲ್ಲ). ನಿಮಗೆ ವಿಶೇಷವಾಗಿ ಹೇಳಬೇಕಾದ್ದು ಲಕ್ಷ್ಮಾ ಗೌಡ್ ಬಗ್ಗೆ. ಮೇದಕ್ ಜಿಲ್ಲೆಯ ನಿಜಾಂಪುರ ಅನ್ನೋ ಹಳ್ಳಿ ಹುಡುಗ, 1960ರ ದಶಕದಲ್ಲಿ ಬರೋಡಾದಲ್ಲಿ ಕಲ್ತು ವಾಪಸ್ ಬಂದು, ತನ್ನೂರಿನ ಜನ, ಮೇಕೆ, ಗಿಡಗಂಟಿ ಎಲ್ಲಾನೂ ಎಚಿಂಗ್‌ಗೆ ತಂದ್ರು. ದೂರ ಹೋದ್ರೆ ಊರು ಬಿಟ್ಟುಹೋಗುತ್ತೆ ಅನ್ನೋ ಭಯ ಇದ್ರೆ ಅವರ ಪ್ರಿಂಟ್‌ಗಳನ್ನ ನೋಡಿ. ಅವರು ಆಮೇಲೆ ಪಾಠ ಮಾಡಿದ ಹೈದರಾಬಾದ್ ಯೂನಿವರ್ಸಿಟಿಯ ಸರೋಜಿನಿ ನಾಯ್ಡು ಸ್ಕೂಲನ್ನೂ ನಿಮ್ಮ ಲಿಸ್ಟಿಗೆ ಸೇರಿಸ್ಕೊಳ್ಳಿ, ಮನೆಗೆ ಹತ್ತಿರ ಅಂತ ಅಪ್ಪಾಜಿಗೂ ಸಮಾಧಾನ ಆಗಬಹುದು. ಬಿವಿಎ ಮಾಡಿದ ಕಾಲೇಜಲ್ಲೇ ಮಾಸ್ಟರ್ಸ್ ಮಾತ್ರ ಬೇಡ ಅಂತೀನಿ, ಅದೇ ಮೇಷ್ಟ್ರು ಅದೇ ಮಾತು ಹೇಳ್ತಾರೆ, ನಿಮ್ಮ ಕೆಲಸ ಹೊಸ ಕಣ್ಣಿಗೆ ಬೀಳಬೇಕು.

ಪೋರ್ಟ್‌ಫೋಲಿಯೋ ಈಗಿಂದ್ಲೇ ಶುರುಮಾಡಿ. ಪ್ರೆಸ್ ಇಲ್ಲ ಅಂತ ಕೈಕಟ್ಟಿ ಕೂರಬೇಡಿ, ಲಿನೋ ಶೀಟು (ಕೆತ್ತೋಕೆ ಮೆತ್ತಗಿರೋ ಲಿನೋಲಿಯಂ ಹಾಳೆ), ಒಂದು ಸೆಟ್ ಕಟ್ಟರ್, ರೋಲರ್, ಇಂಕ್ ಸಾಕು, ತೆಳು ಪೇಪರ್ ಇಟ್ಟು ಚಮಚದ ಬೆನ್ನಲ್ಲಿ ಉಜ್ಜಿದ್ರೆ ಒಳ್ಳೇ ಪ್ರಿಂಟ್ ಬರುತ್ತೆ. ಬಿವಿಎ ಟೈಮಿನ ಕೆಲಸ ಎಲ್ಲಾ ತುಂಬಿಸ್ಕೊಂಡು ಹೋಗ್ತಾರೆ ಹುಡುಗ್ರು, ಸ್ಟಿಲ್ ಲೈಫ್ ಒಂದು, ಪೋರ್ಟ್ರೇಟ್ ಒಂದು, ಫೋಟೋ ನೋಡಿ ಮಾಡಿದ ಲ್ಯಾಂಡ್‌ಸ್ಕೇಪ್ ಒಂದು, ನೋಡೋರಿಗೆ ಇವರಿಗೆ ಕೈ ಇದೆ ಅಂತ ಗೊತ್ತಾಗುತ್ತೆ, ತಲೇಲಿ ಏನಿದೆ ಅಂತ ಗೊತ್ತಾಗಲ್ಲ. ಒಂದೇ ವಿಷಯ ಹಿಡಿದು ಹತ್ತು ಹನ್ನೆರಡು ಪ್ರಿಂಟ್ ಮಾಡಿ. ನಿಮ್ಮ ಶಾಲೆ ಮಕ್ಕಳಿರಬಹುದು, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಲ್ಲಿ ಚೀಲ ಹೊರೋರಿರಬಹುದು, ಯಾವುದನ್ನ ಬಿಟ್ಟಿರೋಕೆ ಆಗಲ್ವೋ ಅದು. ಸ್ಕೆಚ್‌ಬುಕ್ ತಪ್ಪದೇ ತಗೊಂಡೋಗಿ, ಕೊಳೆ ಆಗಿದ್ರೂ ಪರವಾಗಿಲ್ಲ, ಇಂಟರ್‌ವ್ಯೂನಲ್ಲಿ ಫ್ರೇಮ್ ಹಾಕಿದ ಕೆಲಸಕ್ಕಿಂತ ಅದೇ ಹೆಚ್ಚು ಮಾತಾಡುತ್ತೆ.

ಇನ್ನು ದುಡ್ಡು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸಿಗಿಂತ ಪ್ಲೇಟು, ಪೇಪರ್, ಊಟ, ಹಾಸ್ಟೆಲ್ಲಿಗೇ ಹೆಚ್ಚು ಬೇಕಾಗಬಹುದು, ಲೆಕ್ಕ ಹಾಕುವಾಗ ಅದನ್ನ ಮರೀಬೇಡಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದು 18ರಿಂದ 25 ವಯಸ್ಸಿನೋರಿಗೆ ಮಾತ್ರ, ನಿಮಗೀಗ 24, ಅರ್ಜಿ ಕರೆದ ತಕ್ಷಣ ಹಾಕಿ.

ನೌಕರಿ ವಿಷಯದಲ್ಲಿ ಅಪ್ಪಾಜಿಗೆ ಸುಳ್ಳು ಭರವಸೆ ಕೊಡಬೇಡಿ. ಮಾಸ್ಟರ್ಸಲ್ಲಿ 55 ಪರ್ಸೆಂಟ್ (ಮೀಸಲಾತಿ ಇದ್ದೋರಿಗೆ 50) ತಗೊಂಡು ಎನ್ಇಟಿ (ಕಾಲೇಜು ಅಧ್ಯಾಪಕರಾಗೋಕೆ ಇರೋ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದ್ರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಹತೆ ಬರುತ್ತೆ, ದೃಶ್ಯಕಲೆ ವಿಷಯದಲ್ಲಿ ಪ್ರಿಂಟ್‌ಮೇಕಿಂಗ್ ಆರಿಸ್ಕೊಂಡೇ ಬರೀಬಹುದು. ಆದ್ರೆ ಖಾಯಂ ಹುದ್ದೆ ಕಡಿಮೆ, ಎಷ್ಟೋ ಜನ ಅತಿಥಿ ಉಪನ್ಯಾಸಕರಾಗೇ ವರ್ಷಗಟ್ಟಲೆ ದುಡೀತಿದಾರೆ, ಇದು ನನಗೆ ತುಂಬಾ ನೋವು ಕೊಡೋ ವಿಷಯ. ಇದನ್ನ ತಿಳ್ಕೊಂಡೇ ಹೋಗಿ. ಈಗಿರೋ ಶಾಲೆ ನೌಕರಿಗಿಂತ ಕೆಳಗೆ ಬೀಳೋದೇನೂ ಇಲ್ಲ ಅಂತ ನನಗನಿಸುತ್ತೆ, ಸೀಟು ಕೈಗೆ ಬರೋವರೆಗೂ ರಾಜೀನಾಮೆ ಮಾತ್ರ ಬೇಡ.

ಪ್ರಶ್ನೆ: ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, 31 ವರ್ಷ. ಆರ್ಟ್ ಡಿಗ್ರಿ ಇಲ್ಲ, ಆದ್ರೆ ಬಹಳ ವರ್ಷದಿಂದ ಪೇಂಟ್ ಮಾಡ್ತಿದೀನಿ. ಅಮೆರಿಕದಲ್ಲಿ ಎಂಎಫ್ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಮಾಡೋಣ ಅಂತಿದೀನಿ, ಲೋನ್ ತಗೋಬಹುದಾ?
- ಒಬ್ಬ ಓದುಗ, ಬೆಂಗಳೂರು

ಉತ್ತರ: ನಮ್ಮಲ್ಲಿ ಹೆಚ್ಚಿನ ಕಡೆ ಮಾಸ್ಟರ್ಸ್‌ಗೆ ಬಿವಿಎ ಅಥವಾ ಬಿಎಫ್ಎ ಕೇಳ್ತಾರೆ, ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಂಥ ಕೆಲವು ಕಡೆ ಯಾವ ಡಿಗ್ರಿ ಇದ್ರೂ ಪೋರ್ಟ್‌ಫೋಲಿಯೋ ನೋಡಿ ತಗೋತಾರೆ. ಅಮೆರಿಕದಲ್ಲಿ ಬಹಳಷ್ಟು ಕಡೆ ಇಂಜಿನಿಯರಿಂಗ್ ಡಿಗ್ರಿ ಅಡ್ಡಿ ಆಗಲ್ಲ, ಹದಿನೈದಿಪ್ಪತ್ತು ಕೆಲಸದ ಫೋಟೋ ಮತ್ತೆ ನೀವು ಬರೆಯೋ ಸ್ಟೇಟ್‌ಮೆಂಟೇ ನಿರ್ಧಾರ ಮಾಡೋದು. ಸ್ಟೂಡಿಯೋ ಆರ್ಟಲ್ಲಿ ಎಂಎಫ್ಎ ಅಲ್ಲಿ ಕೊನೇ ಡಿಗ್ರಿ ಅಂತಲೇ ಲೆಕ್ಕ, ಕಾಲೇಜಲ್ಲಿ ಪಾಠ ಮಾಡೋಕೆ ಪಿಎಚ್‌ಡಿ ಕೇಳಲ್ಲ.

ಆದ್ರೆ ಲೋನ್ ಬೇಡ. ಎಂ.ಎಸ್. ಮಾಡೋರು ಸಾಲ ತೀರಿಸ್ತಾರಲ್ಲ ಅನ್ನೋ ಲೆಕ್ಕ ಇಲ್ಲಿಗೆ ತರಬೇಡಿ, ಪೇಂಟಿಂಗ್ ಮಾರಿ ಡಾಲರ್ ಸಾಲ ತೀರಿಸೋದು ತುಂಬಾ ಕಷ್ಟ, ಸಾಲದ ಭಯಕ್ಕೆ ಮತ್ತೆ ಕೋಡಿಂಗಿಗೆ ವಾಪಸ್ ಹೋಗ್ತೀರಿ, ಬ್ರಶ್ ಮುಟ್ಟೋಕೂ ಟೈಮಿರಲ್ಲ. ಟ್ಯೂಷನ್ ಫೀಸ್ ಮನ್ನಾ ಮಾಡಿ, ಟೀಚಿಂಗ್ ಅಸಿಸ್ಟೆಂಟ್ ಕೆಲಸ ಕೊಟ್ಟು ಸ್ಟೈಪೆಂಡ್ ಕೊಡೋ ಸ್ಟೇಟ್ ಯೂನಿವರ್ಸಿಟಿಗಳಿವೆ, ಅಲ್ಲಿಗೆ ಮಾತ್ರ ಅಪ್ಲೈ ಮಾಡಿ, ಸಿಗಲಿಲ್ಲ ಅಂದ್ರೆ ಮುಂದಿನ ವರ್ಷ ಇನ್ನೂ ಒಳ್ಳೇ ಕೆಲಸ ಇಟ್ಕೊಂಡು ಮತ್ತೆ ಹಾಕಿ. ಕೊನೇ ದಿನಾಂಕ ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತೆ. ಅದಕ್ಕೆ ಮೊದಲು ಅಲ್ಲಿ ಈಗ ಓದ್ತಿರೋ ಇಬ್ಬರು ಮೂವರಿಗೆ ಮೇಲ್ ಹಾಕಿ ವಿಚಾರಿಸಿ: ಒಬ್ಬೊಬ್ಬರಿಗೆ ಬೇರೆ ಸ್ಟೂಡಿಯೋ ಕೊಡ್ತಾರಾ, ಮೇಷ್ಟ್ರು ತಿಂಗಳಿಗೆ ಎಷ್ಟು ಸಲ ಬಂದು ಕೆಲಸ ನೋಡ್ತಾರೆ, ಎರಡನೇ ವರ್ಷವೂ ಸ್ಟೈಪೆಂಡ್ ಗ್ಯಾರಂಟಿನಾ.