ಬರೆಯೋರ ಕುತ್ತಿಗೆ ನೋವು

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಲಿಂಗನಮಕ್ಕಿ ಡ್ಯಾಮಿಂದ ಮುಳುಗಡೆಯಾದ ಅಜ್ಜನ ಊರಿನ ಬಗ್ಗೆ ಕಾದಂಬರಿ ಬರೀತಿದೀನಿ. ಮಕ್ಕಳು ಮಲಗಿದ್ಮೇಲೆ ಲ್ಯಾಪ್‌ಟಾಪ್ ತೆಗೆದ್ರೆ ರಾತ್ರಿ ಒಂದೂವರೆ ಆಗುತ್ತೆ, ಮೊದಲಿಂದ ಓದಿ ತಿದ್ದೋದ್ರಲ್ಲೇ ಟೈಮ್ ಹೋಗುತ್ತೆ. ಆಗಿರೋದು ಮೂರೇ ಅಧ್ಯಾಯ. ಕುತ್ತಿಗೆ ಹಿಡ್ಕೊಂಡಿದೆ, ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತೆ. ಏನ್ಮಾಡ್ಲಿ?
– ಓದುಗರು, ಸಾಗರ

ಉತ್ತರ: ಮೊದ್ಲು ಜೋಮಿನ ವಿಷ್ಯ. ಮಣಿಕಟ್ಟಲ್ಲಿ ನರ ಒತ್ತಿಕೊಂಡ್ರೆ ಹೀಗಾಗುತ್ತೆ, ಕಾರ್ಪಲ್ ಟನಲ್ ಅಂತಾರೆ, ಕುತ್ತಿಗೆಯಿಂದ್ಲೂ ಬರಬಹುದು, ಅದನ್ನ ಡಾಕ್ಟ್ರು ನೋಡಿ ಹೇಳ್ಬೇಕೇ ಹೊರತು ಈ ಅಂಕಣ ಅಲ್ಲ, ಈ ವಾರಾನೇ ತೋರಿಸಿ. ಲ್ಯಾಪ್‌ಟಾಪನ್ನ ಹಾಸಿಗೆ ಮೇಲಿಟ್ಕೊಂಡು ಬರೀತಿದ್ರೆ ಇವತ್ತೇ ಬಿಡಿ. ಮೇಜಿನ ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿ ಅದರ ಮೇಲಿಡಿ, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರ್ಲಿ, ಕೀಬೋರ್ಡ್ ಬೇರೆ ತಗೊಳ್ಳಿ. ಕೈ ನೋಯೋ ದಿನ ಫೋನಲ್ಲಿ ಮೈಕ್ ಒತ್ತಿ ಸಂಭಾಷಣೆ ಹೇಳ್ತಾ ಹೋಗಿ, ಕನ್ನಡದಲ್ಲೇ ಟೈಪ್ ಆಗುತ್ತೆ, ತಪ್ಪು ಇದ್ದೇ ಇರುತ್ತೆ, ಇರ್ಲಿ.

ಇನ್ನು ಮೂರೇ ಅಧ್ಯಾಯದ ಕತೆ. ಇಂಗ್ಲೆಂಡಿನ ಆಂಟನಿ ಟ್ರೊಲೋಪ್ ನಿಮ್ಮಂಗೇ ನೌಕರಿ ಮಾಡ್ಕೊಂಡು ಬರೆದವನು, ಅಂಚೆ ಇಲಾಖೆಲಿದ್ದ. ಬೆಳಗ್ಗೆ 5:30ಕ್ಕೆ ಮೇಜಿನ ಮುಂದೆ ಕೂತು ಅರ್ಧ ಗಂಟೆ ಹಿಂದಿನ ದಿನದ್ದನ್ನ ಓದ್ತಿದ್ದ, ಹಿಂದಿನ ದಿನದ್ದಷ್ಟೇ ನೋಡಿ, ಆಮೇಲೆ ಗಡಿಯಾರ ಮುಂದಿಟ್ಕೊಂಡು ಕಾಲು ಗಂಟೆಗೆ 250 ಪದ, ತಿಂಡಿ ಹೊತ್ತಿಗೆ ಎದ್ದುಬಿಡ್ತಿದ್ದ. 47 ಕಾದಂಬರಿ ಆದ್ವು! ನಿಮಗೆ ಆ ಸ್ಪೀಡ್ ಬೇಡ. ಹತ್ತೂವರೆಗೆ ಮಲಗಿ, ಬೆಳಗ್ಗೆ ಮುಕ್ಕಾಲು ಗಂಟೆ ಕೂತ್ಕೊಳ್ಳಿ, 200 ಪದ ಬಂದ್ರೂ ಸಾಕು, ವರ್ಷಕ್ಕೆ 300 ದಿನ ಬರೆದ್ರೆ 60,000 ಆಯ್ತಲ್ಲ. ಮೊದಲ ಅಧ್ಯಾಯ ಕೊನೆ ಅಧ್ಯಾಯ ಮುಗಿಯೋವರೆಗೂ ತೆಗೀಲೇಬೇಡಿ. ಬರೆದ ಪದ ಅಳಿಸದೇ ಇರೋದು ತನ್ನ ಅಗ್ಗಳಿಕೆ ಅಂತ ಕುಮಾರವ್ಯಾಸ ಹೇಳ್ಕೊಂಡ, ಅವನಿಗೆ ಗದುಗಿನ ವೀರನಾರಾಯಣ ಇದ್ದ, ನಾವು ಅಳಿಸಲೇಬೇಕು, ಆದ್ರೆ ಪೂರ್ತಿ ಬರೆದಾದ್ಮೇಲೆ.

ಪ್ರಶ್ನೆ: ಬರೆಯೋಕೆ ಕೂತ್ರೆ ಕಾಫಿ ಮೇಲೆ ಕಾಫಿ ಬೇಕು. ಪರವಾಗಿಲ್ವಾ?
– ಓದುಗರು, ಹಾಸನ

ಉತ್ತರ: ಬೆಳಗ್ಗೆ ಕುಡೀರಿ, ಯಾರು ಬೇಡ ಅಂದ್ರು. ಮೇಲೆ ಹೇಳಿದ ಟ್ರೊಲೋಪ್ ತನ್ನನ್ನ ಎಬ್ಬಿಸಿ ಕಾಫಿ ಕೊಡೋಕೆ ಅಂತ್ಲೇ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡ್ತಿದ್ದ. ಆದ್ರೆ ಕುಡಿದ ಕೆಫೀನಲ್ಲಿ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಮಧ್ಯಾಹ್ನ ಮೂರರ ಮೇಲೆ ಬೇಡ. ಆಮೇಲೆ ಬೇಕು ಅನ್ಸಿದ್ರೆ ಎದ್ದು ಹೋಗಿ ನೀರು ಕುಡೀರಿ, ಬಾಟ್ಲಿ ಮೇಜಿನ ಮೇಲಿಟ್ಕೋಬೇಡಿ, ಅಡುಗೆಮನೇಲೇ ಇರ್ಲಿ, ಆ ನೆಪದಲ್ಲಾದ್ರೂ ಕಾಲು ಆಡುತ್ತೆ.