‘ಕಲಾ’ ಎಂದರೆ ಕಲೆಯಲ್ಲ, ತಾಯಿಯ ಹೆಸರು: ಒಂದು ಸಂಗೀತ ಲೇಖನಕ್ಕೆ ಸಂಪಾದಕರ ಉತ್ತರ

ಆತ್ಮೀಯ ಲೇಖಕರೇ, ನಮಸ್ಕಾರ.

ಶ್ರೀಲಂಕಾ ತಮಿಳು ಮೂಲದ ಬ್ರಿಟಿಷ್ ಗಾಯಕಿ ಎಂ.ಐ.ಎ. ಅವರ ಎರಡನೇ ಆಲ್ಬಂ ‘ಕಲಾ’ವನ್ನು ವಿಮರ್ಶಕರು ಹೇಗೆ ಸ್ವೀಕರಿಸಿದರು ಎಂಬ ನಿಮ್ಮ ಲೇಖನವನ್ನು ಎರಡೆರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಬರೀ ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಿಲ್ಲ. ವಿಷಯ ಗಟ್ಟಿಯಾಗಿದೆ, ಹಾಡುಗಳನ್ನು ನೀವು ಕಿವಿಗೊಟ್ಟು ಕೇಳಿದ್ದೀರಿ ಎಂಬುದಕ್ಕೆ ಲೇಖನದ ಮಧ್ಯದಲ್ಲಿ ಎರಡು ಪ್ಯಾರಾ ಸಾಕ್ಷಿಯಿದೆ. ಉಳಿದದ್ದನ್ನು ಆ ಎರಡು ಪ್ಯಾರಾಗಳ ಮಟ್ಟಕ್ಕೆ ತರಬೇಕು.

ಮೊದಲು ದೊಡ್ಡ ದೋಷ. ನಿಮ್ಮ ಲೇಖನದಲ್ಲಿ ಕಾಲ ಕಲಸಿಹೋಗಿದೆ. “ಪೇಪರ್ ಪ್ಲೇನ್ಸ್ ಹಾಡಿನ ಅಬ್ಬರದಿಂದಾಗಿ ವಿಮರ್ಶಕರು ಆಲ್ಬಂ ಅನ್ನು ತಲೆಯ ಮೇಲೆ ಹೊತ್ತು ಮೆರೆಸಿದರು” ಎಂದು ಎರಡನೇ ಪುಟದಲ್ಲಿ ಬರೆದಿದ್ದೀರಿ. ಆದದ್ದು ಹಾಗಲ್ಲ. ಆಲ್ಬಂ ಬಂದದ್ದು 2007ರ ಆಗಸ್ಟ್‌ನಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಅದು ಏರಿದ್ದು 18ನೇ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ 39ಕ್ಕೆ. ಆ ವರ್ಷದ ಕೊನೆಗೆ ‘ರೋಲಿಂಗ್ ಸ್ಟೋನ್’ ಪತ್ರಿಕೆ ಅದನ್ನು ವರ್ಷದ ಅತ್ಯುತ್ತಮ ಆಲ್ಬಂ ಎಂದು ಆರಿಸಿತು. ಇಷ್ಟೆಲ್ಲ ಆಗುವಾಗ ‘ಪೇಪರ್ ಪ್ಲೇನ್ಸ್’ ಹನ್ನೆರಡು ಹಾಡುಗಳ ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಸುಮ್ಮನೆ ಕೂತಿತ್ತು. 2008ರಲ್ಲಿ ‘ಪೈನಾಪಲ್ ಎಕ್ಸ್‌ಪ್ರೆಸ್’ ಚಿತ್ರದ ಟ್ರೇಲರ್‌ನಲ್ಲಿ ಅದು ಕೇಳಿಸಿದ ಮೇಲೆ ಜನ ಹುಡುಕಿಕೊಂಡು ಬಂದರು, ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಅದು 4ನೇ ಸ್ಥಾನದವರೆಗೆ ಏರಿತು. ಅದೇ ವರ್ಷ ‘ಸ್ಲಮ್‌ಡಾಗ್ ಮಿಲಿಯನೇರ್’ ಬಂತು, ಅದರಲ್ಲೂ ಈ ಹಾಡಿತ್ತು; 2009ರ ಗ್ರ್ಯಾಮಿಯಲ್ಲಿ ‘ರೆಕಾರ್ಡ್ ಆಫ್ ದಿ ಇಯರ್’ ವಿಭಾಗಕ್ಕೆ ಹಾಡು ನಾಮನಿರ್ದೇಶನಗೊಂಡಿತು.

ಅಂದರೆ ವಿಮರ್ಶಕರ ಮೆಚ್ಚುಗೆ ಮೊದಲು, ಜನಪ್ರಿಯತೆ ಆಮೇಲೆ. ನಡುವೆ ಸುಮಾರು ಒಂದು ವರ್ಷದ ಅಂತರ. ಈ ಅಂತರವೇ ನಿಮ್ಮ ಲೇಖನದ ನಿಜವಾದ ವಸ್ತು, ನೀವು ಅದನ್ನೇ ಅಳಿಸಿಹಾಕಿದ್ದೀರಿ. ಆಗಸ್ಟ್ 2007ರಲ್ಲಿ ಬರೆದವರ ಮುಂದೆ ಹಿಟ್ ಹಾಡೊಂದು ಇರಲಿಲ್ಲ. ಅವರ ಮುಂದೆ ಇದ್ದದ್ದು 2005ರ ‘ಅರುಳರ್’ ಎಂಬ ಮೊದಲ ಆಲ್ಬಂ, ಅದು ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದ ನೆನಪು, ಮತ್ತು ಎರಡನೇ ಸಲವೂ ಇವಳಿಗೆ ಇದು ಸಾಧ್ಯವೇ ಎಂಬ ಅನುಮಾನ. ಆ ಅನುಮಾನದ ಒಳಗೆ ನಿಂತು ಅವರ ಮಾತುಗಳನ್ನು ಓದಿ. ಮೆಚ್ಚುಗೆಯ ತೂಕ ಆಗ ತಿಳಿಯುತ್ತದೆ.

ತಿದ್ದುವ ದಾರಿ ಹೀಗಿದೆ. ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ವಿಮರ್ಶೆ ಬಂದ ತಾರೀಖು, ಪತ್ರಿಕೆ, ಕೊಟ್ಟ ಅಂಕ, ಹೆಸರಿಸಿದ ಹಾಡುಗಳು, ಮೊದಲ ಆಲ್ಬಂ ಜೊತೆ ಹೋಲಿಸಿದ್ದಾರೆಯೇ ಇಲ್ಲವೇ. ಎಂಟು ಹತ್ತು ವಿಮರ್ಶೆ ಸಾಕು, ಆದರೆ ಪೂರ್ತಿ ಓದಿರಬೇಕು. ನೀವು ಬಳಸಿರುವ ಉಲ್ಲೇಖಗಳಲ್ಲಿ ಮುಕ್ಕಾಲು ಪಾಲು ಪ್ರಚಾರಕ್ಕೆಂದು ಕತ್ತರಿಸಿದ ತುಣುಕುಗಳ ಹಾಗೆ ಕಾಣುತ್ತವೆ. ‘ಆದರೆ’ ಎಂಬ ಪದಕ್ಕೆ ಮುಂಚೆಯೇ ಅವು ನಿಂತುಹೋಗುತ್ತವೆ. ಆಮೇಲೆ ಆ ಸಾಲುಗಳನ್ನು ಮೂರು ಗುಂಪು ಮಾಡಿ: ಬಿಡುಗಡೆಯ ಹೊತ್ತಿನವು, 2007ರ ಡಿಸೆಂಬರ್‌ನ ವರ್ಷಾಂತ್ಯದ ಪಟ್ಟಿಗಳು, 2008ರ ಬೇಸಿಗೆಯ ನಂತರದವು. ನಾಲ್ಕನೇ ಕಾಲಂ ಮೇಲಿಂದ ಕೆಳಗೆ ಓದಿದರೆ ಯಾವ ಹಾಡು ಯಾವಾಗ ಮುಂದೆ ಬಂತು ಎಂಬುದು ತಾನಾಗಿ ಕಾಣುತ್ತದೆ. ಲೇಖನದ ಬೆನ್ನೆಲುಬು ಅದು.

ಅಂಕಗಳ ವಿಚಾರ. ಮೆಟಾಕ್ರಿಟಿಕ್ ಎಂಬುದು ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸುವ ಜಾಲತಾಣ. ಮೆಟಾಕ್ರಿಟಿಕ್‌ನ 87 ಎಂಬ ಸಂಖ್ಯೆಯನ್ನು “ನೂರಕ್ಕೆ 87 ವಿಮರ್ಶಕರು ಮೆಚ್ಚಿದರು” ಎಂದು ವಿವರಿಸಿದ್ದೀರಿ. ಅದು ತಪ್ಪು. ಅಲ್ಲಿ ಪ್ರತಿ ವಿಮರ್ಶೆಯನ್ನೂ ನೂರರ ಅಳತೆಗೆ ಬದಲಿಸಿ ಸರಾಸರಿ ತೆಗೆಯುತ್ತಾರೆ. ಐದರಲ್ಲಿ ನಾಲ್ಕು ನಕ್ಷತ್ರ ಎಂದರೆ 80, ‘ಬಿ ಪ್ಲಸ್’ ಎಂದರೆ 83, ‘ಎ ಮೈನಸ್’ ಎಂದರೆ 91. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಡುತ್ತಾರೆ, ಯಾವುದಕ್ಕೆ ಎಷ್ಟು ಎಂದು ಹೊರಗೆ ಹೇಳುವುದಿಲ್ಲ. ಅಂಕವನ್ನೇ ಕೊಡದ ಬರಹಕ್ಕೆ ಅಲ್ಲಿನ ಸಿಬ್ಬಂದಿಯೇ ಒಂದು ಅಂಕ ಅಂದಾಜು ಮಾಡುತ್ತಾರೆ. ಆದ್ದರಿಂದ ಆ ಸಂಖ್ಯೆಯನ್ನು ಒಮ್ಮೆ ಹೇಳಿ ಮುಂದೆ ಹೋಗಿ. ಲೇಖನದಲ್ಲಿ ಐದು ಸಲ ಬಂದಿದೆ.

ಇನ್ನು ‘ಬೆರಕೆ’. “ಹಲವು ಸಂಗೀತ ಪ್ರಕಾರಗಳ ಅದ್ಭುತ ಮಿಶ್ರಣ” ಎಂಬ ಮಾತು ಹದಿನಾಲ್ಕು ಕಡೆ ಇದೆ. ಒಂದು ಕಡೆಯೂ ಏನನ್ನು ಯಾವುದರ ಜೊತೆ ಹೇಗೆ ಸೇರಿಸಿದರು ಎಂದು ಹೇಳಿಲ್ಲ. ಈ ಆಲ್ಬಂನಲ್ಲಿ ಬೆರಕೆ ಎಂಬುದು ಒಂದೇ ಕೆಲಸ ಅಲ್ಲ, ಕಡೇಪಕ್ಷ ನಾಲ್ಕು ಬೇರೆ ಬೇರೆ ಕೆಲಸ. ಮೊದಲ ಹಾಡು ‘ಬಾಂಬೂ ಬಂಗಾ’ದಲ್ಲಿ ಇಳಯರಾಜ ಅವರ ‘ದಳಪತಿ’ ಚಿತ್ರದ (1991) ‘ಕಾಟ್ಟುಕ್ಕುಯಿಲು’ ಹಾಡಿನ ಧ್ವನಿಮುದ್ರಣದಿಂದಲೇ ತುಣುಕು ಕತ್ತರಿಸಿ ಹಾಕಿದ್ದಾರೆ. ಅದು ಸ್ಯಾಂಪಲ್. ‘20 ಡಾಲರ್’ನಲ್ಲಿ ಪಿಕ್ಸೀಸ್ ಎಂಬ ಅಮೆರಿಕನ್ ರಾಕ್ ತಂಡದ ಹಳೆಯ ಸಾಲನ್ನು ಎಂ.ಐ.ಎ. ತಮ್ಮ ದನಿಯಲ್ಲಿ ಮತ್ತೆ ಹಾಡುತ್ತಾರೆ, ಹಳೆಯ ಮುದ್ರಣವನ್ನು ಮುಟ್ಟುವುದಿಲ್ಲ. ‘ಜಿಮ್ಮಿ’ ಪೂರ್ತಿಯಾಗಿ ಮರುಹಾಡು: ‘ಡಿಸ್ಕೊ ಡಾನ್ಸರ್’ಗೆ (1982) ಬಪ್ಪಿ ಲಾಹಿರಿ ಸಂಯೋಜಿಸಿ ಪಾರ್ವತಿ ಖಾನ್ ಹಾಡಿದ್ದನ್ನು ಇಂಗ್ಲಿಷ್ ಸಾಲುಗಳ ಜೊತೆ ಮತ್ತೆ ಕಟ್ಟಿದ್ದು. ನೀವು ಅದನ್ನು “ಎಂ.ಐ.ಎ. ಅವರ ಸ್ವಂತ ಡಿಸ್ಕೊ ಪ್ರಯೋಗ” ಎಂದಿದ್ದೀರಿ. ಹಿಂದಿ ಸಿನಿಮಾ ಹಾಡು ಕೇಳಿ ಬೆಳೆದ ಯಾವ ಓದುಗರೂ ಈ ಸಾಲು ದಾಟಿ ಮುಂದೆ ಓದುವುದಿಲ್ಲ. ನಾಲ್ಕನೆಯದು ‘ಮ್ಯಾಂಗೋ ಪಿಕಲ್ ಡೌನ್ ರಿವರ್’. ಆಸ್ಟ್ರೇಲಿಯದ ಮೂಲನಿವಾಸಿ ಹುಡುಗರ ತಂಡ ವಿಲ್ಕೇನಿಯಾ ಮಾಬ್ ಮೊದಲೇ ಮಾಡಿದ್ದ ಹಾಡಿಗೆ ಇವರು ತಮ್ಮ ಚರಣ ಸೇರಿಸಿದ್ದು. ಅಲ್ಲಿ ಮುಖ್ಯ ಗಾಯಕರು ಆ ಹುಡುಗರೇ.

ಈ ನಾಲ್ಕನ್ನೂ ಬೇರೆ ಮಾಡಿದರೆ ವಿಮರ್ಶಕರ ಜಗಳವೂ ಬೇರೆ ಬೇರೆಯಾಗಿ ಕಾಣುತ್ತದೆ. ಸ್ಯಾಂಪಲ್ ಬಂದಾಗ ಕೇಳುವ ಪ್ರಶ್ನೆ ಆಯ್ಕೆಯ ಬಗ್ಗೆ: ಯಾವ ತುಣುಕು, ಯಾಕೆ. ಮರುಹಾಡಿಗೆ ಕೇಳುವುದು ಹೊಸದೇನು ಸೇರಿತು ಎಂದು. ಇನ್ನೊಬ್ಬರ ಹಾಡಿನೊಳಗೆ ಅತಿಥಿಯಾಗಿ ಹೋದಾಗ ಹೆಸರು, ಹಣ, ಗೌರವ ಯಾರ ಪಾಲಿಗೆ ಎಂಬ ಪ್ರಶ್ನೆ ಬರುತ್ತದೆ. ‘ಪೇಪರ್ ಪ್ಲೇನ್ಸ್’ ದ ಕ್ಲ್ಯಾಶ್ ಎಂಬ ಬ್ರಿಟಿಷ್ ರಾಕ್ ತಂಡದ ‘ಸ್ಟ್ರೇಟ್ ಟು ಹೆಲ್’ (1982) ಹಾಡಿನ ಮೇಲೆ ನಿಂತಿದೆ, ಅದಕ್ಕಾಗಿ ಆ ತಂಡದವರ ಹೆಸರು ರಚನಕಾರರ ಸಾಲಿನಲ್ಲಿದೆ. ವಲಸೆ ಬಂದವರನ್ನು ದೂರ ಇಟ್ಟ ನಾಡಿನ ಬಗ್ಗೆ ಇದ್ದ ಹಾಡನ್ನೇ ಅಮೆರಿಕದ ವೀಸಾ ಸಿಗದ ಎಂ.ಐ.ಎ. ಎತ್ತಿಕೊಂಡದ್ದು ಕಾಕತಾಳೀಯ ಅಲ್ಲ. ಇದನ್ನು ನೀವು ಹೇಳಿಯೇ ಇಲ್ಲ. ಇದಕ್ಕೊಂದು ಪೂರ್ತಿ ಪ್ಯಾರಾ ಕೊಡಿ.

ಸದ್ದನ್ನು ಪದಕ್ಕೆ ತರುವುದು ಹೇಗೆ ಎಂಬುದಕ್ಕೆ ನಿಮ್ಮದೇ ಒಂದು ವಾಕ್ಯ ತೆಗೆದುಕೊಳ್ಳೋಣ. “ಬರ್ಡ್ ಫ್ಲೂ ಹಾಡಿನಲ್ಲಿ ದಕ್ಷಿಣ ಭಾರತದ ಡೋಲುಗಳ ಮಾಂತ್ರಿಕ ನಾದ ಕೇಳುಗರನ್ನು ಬೇರೆ ಲೋಕಕ್ಕೆ ಒಯ್ಯುತ್ತದೆ.” ಇದರಲ್ಲಿ ಕಿವಿಗೆ ಬೀಳುವುದು ಏನೂ ಇಲ್ಲ. ಅದು ಬರೀ ಡೋಲಲ್ಲ, ಉರುಮಿ. ನಮ್ಮಲ್ಲಿ ಉರುಮೆ ಅನ್ನುತ್ತೇವೆ. ಎರಡು ಮುಖದ ವಾದ್ಯ. ಒಂದು ಮುಖಕ್ಕೆ ನೇರ ಕೋಲಿನ ಪೆಟ್ಟು, ಇನ್ನೊಂದು ಮುಖದ ಚರ್ಮಕ್ಕೆ ಬಾಗಿದ ಕೋಲನ್ನು ಒತ್ತಿ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವುದು ಪೆಟ್ಟಿನ ಸದ್ದಲ್ಲ, ಎಳೆದೆಳೆದು ನರಳುವ ಗುರುಗುಟ್ಟು. ಆಲ್ಬಂನ ಕೆಲಸಕ್ಕೆ ಎಂ.ಐ.ಎ. ಚೆನ್ನೈಗೆ ಬಂದಾಗ ಎ.ಆರ್. ರೆಹಮಾನ್ ಅವರ ಸ್ಟುಡಿಯೊದ ನೆರವು ಸಿಕ್ಕಿತು, ಅಲ್ಲಿನ ತಮಟೆ ಉರುಮಿ ಬಳಗದವರ ಬಡಿತ ‘ಬರ್ಡ್ ಫ್ಲೂ’ ಮತ್ತು ‘ಬಾಯ್ಜ್’ಗೆ ಆಧಾರವಾಯಿತು. ಸಾಮಾನ್ಯವಾಗಿ ರ‍್ಯಾಪ್‌ನಲ್ಲಿ ಬಾಸ್ ಸಿಂಥ್ ಎಂಬ ಎಲೆಕ್ಟ್ರಾನಿಕ್ ವಾದ್ಯ ತುಂಬುವ ಕೆಳಸ್ಥಾಯಿಯ ಜಾಗವನ್ನು ಇಲ್ಲಿ ಆ ಉಜ್ಜುವ ಸದ್ದು ತುಂಬುತ್ತದೆ. ಅದಕ್ಕೇ ಮೊದಲ ಸಲ ಕೇಳಿದವರಿಗೆ ತಾಳ ಎಲ್ಲಿ ಕೂರುತ್ತದೆ ಎಂದು ತಕ್ಷಣ ಗೊತ್ತಾಗುವುದಿಲ್ಲ. ಇಂಥ ಹಾಡನ್ನು ಗದ್ದಲ ಎಂದವರಿಗೂ ಹೊಸತು ಎಂದವರಿಗೂ ಕೇಳಿಸಿದ್ದು ಇದೇ ಸದ್ದು. ಹೀಗೆ ಬರೆದರೆ ಎರಡೂ ಬಗೆಯ ವಿಮರ್ಶೆ ಓದುಗರಿಗೆ ಅರ್ಥವಾಗುತ್ತದೆ. ‘ಮಾಂತ್ರಿಕ’ ಎಂದರೆ ಒಂದೂ ಅರ್ಥವಾಗುವುದಿಲ್ಲ.

ಹೆಸರಿನ ಹಕ್ಕಿನ ಬಗ್ಗೆ ನಮಗೆ ಗಟ್ಟಿ ಅಭಿಪ್ರಾಯವಿದೆ. “ನಿರ್ಮಾಪಕ ಡಿಪ್ಲೊ ಅವರ ಕೈಚಳಕದಲ್ಲಿ ಅರಳಿದ ಆಲ್ಬಂ” ಎಂದು ಶುರುವಿನಲ್ಲೇ ಬರೆದಿದ್ದೀರಿ. ಅಮೆರಿಕದ ಸಂಗೀತ ನಿರ್ಮಾಪಕ ಡಿಪ್ಲೊ ಕೆಲಸ ಮಾಡಿದ್ದು ಕೆಲವೇ ಹಾಡುಗಳಲ್ಲಿ, ‘ಪೇಪರ್ ಪ್ಲೇನ್ಸ್’ ಅವುಗಳಲ್ಲೊಂದು. ಹೆಚ್ಚಿನ ಹಾಡುಗಳಲ್ಲಿ ಜೊತೆಗಿದ್ದವರು ಸ್ವಿಚ್ ಎಂಬ ಬ್ರಿಟಿಷ್ ನಿರ್ಮಾಪಕ, ಎಂ.ಐ.ಎ. ಸ್ವತಃ ಸಹನಿರ್ಮಾಪಕಿ. ಪತ್ರಿಕೆಗಳು ಎಲ್ಲದಕ್ಕೂ ಡಿಪ್ಲೊ ಹೆಸರು ಅಂಟಿಸುವುದನ್ನು ಎಂ.ಐ.ಎ. 2007ರಲ್ಲೇ ‘ಪಿಚ್‌ಫೋರ್ಕ್’ ಸಂಗೀತ ಜಾಲತಾಣದ ಸಂದರ್ಶನದಲ್ಲಿ ಬಹಿರಂಗವಾಗಿ ವಿರೋಧಿಸಿದ್ದರು. ಹಾಡು ಕಟ್ಟಿದ್ದು ಹೆಣ್ಣಾದರೂ ಹಿಂದೆ ಒಬ್ಬ ಗಂಡಸು ಇರಲೇಬೇಕು ಎಂಬ ಊಹೆ ವಿಮರ್ಶೆಯೊಳಗೇ ಕೂತಿತ್ತು. ವಿಮರ್ಶಕರ ಸ್ವೀಕಾರದ ಬಗ್ಗೆ ಬರೆಯುವವರು ಆ ಊಹೆಯನ್ನು ಪರೀಕ್ಷಿಸಬೇಕೇ ಹೊರತು ಮುಂದುವರಿಸಬಾರದು. ಪ್ರತಿ ಹಾಡಿನ ನಿರ್ಮಾಪಕರ ಹೆಸರನ್ನು ಆಲ್ಬಂನ ಒಳಪುಟದಿಂದಲೇ ನೋಡಿ ಬರೆದುಕೊಳ್ಳಿ, ಬೇರೆ ಲೇಖನಗಳಿಂದ ಎತ್ತಬೇಡಿ.

ತಪ್ಪುಗಳು ಇನ್ನೂ ಕೆಲವಿವೆ. ‘ಕಲಾ’ ಎಂಬ ಶೀರ್ಷಿಕೆಗೆ ‘ಕಲೆ’ ಎಂದು ಅರ್ಥ ಹೇಳಿ ಅದರ ಮೇಲೆ ಒಂದು ಪ್ಯಾರಾ ಕಟ್ಟಿದ್ದೀರಿ. ಅದು ಎಂ.ಐ.ಎ. ಅವರ ತಾಯಿಯ ಹೆಸರು. ಮೊದಲ ಆಲ್ಬಂಗೆ ತಂದೆ ಹೋರಾಟದಲ್ಲಿ ಬಳಸುತ್ತಿದ್ದ ಹೆಸರು, ಎರಡನೆಯದಕ್ಕೆ ತಾಯಿಯ ಹೆಸರು. ಈ ಜೋಡಿಯನ್ನು ಬಿಟ್ಟರೆ ಆಲ್ಬಂನ ಅರ್ಧ ಅರ್ಥವೇ ಹೋಯಿತು, ಆ ಪ್ಯಾರಾವನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ. ತಂದೆಯನ್ನು ಎಲ್‌ಟಿಟಿಇ ನಾಯಕ ಎಂದಿದ್ದೀರಿ. ಅವರು ಇದ್ದದ್ದು ‘ಈರೋಸ್’ ಎಂಬ ಬೇರೆ ಶ್ರೀಲಂಕಾ ತಮಿಳು ಸಂಘಟನೆಯಲ್ಲಿ. ಇದು ಸಣ್ಣ ತಪ್ಪಲ್ಲ, ಒಬ್ಬ ವ್ಯಕ್ತಿಯ ಮೇಲೆ ಹೊರಿಸುವ ಆರೋಪ. ಎಂ.ಐ.ಎ. ಹುಟ್ಟಿದ್ದು ಲಂಡನ್‌ನಲ್ಲಿ (1975), ಬಾಲ್ಯ ಕಳೆದದ್ದು ಶ್ರೀಲಂಕಾದಲ್ಲಿ, ಮತ್ತೆ ಲಂಡನ್‌ಗೆ ಬಂದದ್ದು ನಿರಾಶ್ರಿತೆಯಾಗಿ. ಮೂರನ್ನೂ ಒಂದೇ ವಾಕ್ಯದಲ್ಲಿ ಸರಿಯಾದ ಕ್ರಮದಲ್ಲಿ ಹೇಳಿದರೆ ಸಾಕು. ಈಗ ಒಂದೂವರೆ ಪುಟ ಹಿಡಿದಿದೆ.

ದೂರುಗಳ ಭಾಗ ತೆಳುವಾಗಿದೆ. ಎಲ್ಲರೂ ಹೊಗಳಿದ ಆಲ್ಬಂ ಎಂದು ತೋರಿಸುವ ಆಸೆಯಲ್ಲಿ ನೀವು ಅದಕ್ಕೆ ಅನ್ಯಾಯ ಮಾಡಿದ್ದೀರಿ. ಕೊನೆಯ ಹಾಡು ‘ಕಮ್ ಅರೌಂಡ್’ ಅನ್ನು ಕೇಳಿ. ಮೊದಲ ಯೋಜನೆಯಂತೆ ಟಿಂಬಲ್ಯಾಂಡ್ ಎಂಬ ಅಮೆರಿಕದ ಸಂಗೀತ ನಿರ್ಮಾಪಕನ ಜೊತೆ ಅಮೆರಿಕದಲ್ಲಿ ಕೂತು ಆಲ್ಬಂ ಮಾಡಬೇಕಿತ್ತು. 2006ರಲ್ಲಿ ವೀಸಾ ತೊಡಕಾದದ್ದರಿಂದ ಅದು ಭಾರತ, ಟ್ರಿನಿಡಾಡ್, ಜಮೈಕಾ, ಲೈಬೀರಿಯ, ಆಸ್ಟ್ರೇಲಿಯ ಹೀಗೆ ಊರೂರು ತಿರುಗಿ ಬೆಳೆಯಿತು. ಹಳೆಯ ಯೋಜನೆಯ ಗುರುತಾಗಿ ಟಿಂಬಲ್ಯಾಂಡ್ ಜೊತೆಗಿನ ಈ ಒಂದು ಹಾಡು ಉಳಿದಿದೆ, ಮತ್ತು ನಮ್ಮ ಕಿವಿಗೆ ಅದು ಉಳಿದ ಹನ್ನೊಂದರ ಜೊತೆ ಕೂಡಿಕೊಳ್ಳುವುದಿಲ್ಲ. ಅದನ್ನು ಹೇಳಿದರೆ ಆಲ್ಬಂ ಕುಗ್ಗುವುದಿಲ್ಲ. ಬೇರೆ ಹಾಡುಗಳು ಯಾಕೆ ಗೆದ್ದವು ಎಂಬುದು ಅದರಿಂದಲೇ ಸ್ಪಷ್ಟವಾಗುತ್ತದೆ. ‘ಪೇಪರ್ ಪ್ಲೇನ್ಸ್’ ಪಲ್ಲವಿಯ ಗುಂಡಿನ ಸದ್ದನ್ನು ಅಮೆರಿಕದ ಟಿವಿಯಲ್ಲಿ ಬದಲಿಸಿದ್ದನ್ನೂ ಸೇರಿಸಿ. ಪತ್ರಿಕೆಯಲ್ಲಿ ಮೆಚ್ಚುಗೆ, ಟಿವಿಯಲ್ಲಿ ಕತ್ತರಿ, ಎರಡೂ ಸ್ವೀಕಾರವೇ.

ಭಾಷೆಯ ಮಾತು ಬೇಗ ಮುಗಿಸುತ್ತೇವೆ. ‘ವಿಶ್ವ ಸಂಗೀತ’ ಎಂಬ ಪದ ತೆಗೆಯಿರಿ, ಯಾವ ನಾಡು, ಯಾವ ವಾದ್ಯ ಎಂದು ಹೇಳಿ. ಹಾಡಿನ ಸಾಲುಗಳನ್ನು ಉದ್ದಕ್ಕೆ ಎತ್ತಿ ಬರೆಯಬೇಡಿ, ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆ; ಸಾಲಿನ ಅರ್ಥವನ್ನು ನಿಮ್ಮ ಮಾತಿನಲ್ಲಿ ಹೇಳಿ, ಅದು ಹಾಡಿನ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿಗೆ ಬರುತ್ತದೆ ಎಂದು ಪಕ್ಕದಲ್ಲಿ ಗುರುತಿಸಿ, ನಾವು ಕೇಳಿ ತಾಳೆ ನೋಡುತ್ತೇವೆ. ವಿಮರ್ಶಕರ ಮಾತನ್ನು ಅನುವಾದಿಸಿದ ಕಡೆಯೆಲ್ಲ ಮೂಲ ವಾಕ್ಯವನ್ನೂ ಪ್ರತ್ಯೇಕ ಹಾಳೆಯಲ್ಲಿ ಕಳಿಸಿ.

ಲೇಖನ ಈಗ 2,600 ಪದ ಇದೆ, 1,500 ಸಾಕು. ಆ ಬಾಲ್ಯದ ಒಂದೂವರೆ ಪುಟ, ಅಂಕಗಳ ಪುನರಾವರ್ತನೆ, ‘ಮಿಶ್ರಣ’ದ ಹದಿನಾಲ್ಕು ವಾಕ್ಯ ಹೋದರೆ ಜಾಗ ತಾನಾಗಿ ಸಿಗುತ್ತದೆ. ಉರುಮಿಯ ಪ್ಯಾರಾದಿಂದ ಶುರು ಮಾಡಿ, ಆಮೇಲೆ 2007ರ ಆಗಸ್ಟ್‌ಗೆ ಬನ್ನಿ. ಐದು ಕಾಲಂನ ಹಾಳೆಯನ್ನು ಹೊಸ ಕರಡಿನ ಜೊತೆ ಇಟ್ಟು ಕಳಿಸಿ, ಎರಡನ್ನೂ ಒಟ್ಟಿಗೆ ಓದುತ್ತೇವೆ.

ವಿಶ್ವಾಸದಿಂದ,
ಸಂಪಾದಕ ಬಳಗ